ಎರೆ ರಾಡಿಯಲ್ಲಿ ಪಿಕಪ್ ಓಡಿಸುವುದು: ಖಾಲಿ ಗಾಡಿಗೇ ಜಾಸ್ತಿ ಹುಷಾರು ಬೇಕು

ನಮ್ಮ ಕಡೆ ಪಿಕಪ್ ಓಡಿಸುವವರು ಲೋಡಿಗೆ ಹೆದರುತ್ತಾರೆ. ಮನೆಯವರೂ ಅಷ್ಟೇ, 'ಲೋಡ್ ಐತಿ, ನಿಧಾನ ಹೋಗು' ಅಂತ ಹೇಳಿ ಕಳಿಸುತ್ತಾರೆ. ಖಾಲಿ ಬರುವಾಗ ಯಾರೂ ಏನೂ ಹೇಳುವುದಿಲ್ಲ. ಆದರೆ ಮಳೆಗಾಲದಲ್ಲಿ, ಎರೆ, ಅಂದರೆ ಕಪ್ಪು ಮಣ್ಣಿನ ನೆಲದ ಮೇಲೆ, ಹಿಂದಿನ ಗಾಲಿಗಳಿಗೆ ಮಾತ್ರ ಪವರ್ ಹೋಗುವ ಗಾಡಿಯಲ್ಲಿ ಖಾಲಿ ಬರುವಾಗಲೇ ಅಪಾಯ ಜಾಸ್ತಿ. ಇದು ನನಗೆ ಗೊತ್ತಾಗಿದ್ದು ಒಂದು ಹಸ್ತ ಮಳೆಯ ದಿನ, ಸಿಂಧನೂರಿನ ಹತ್ತಿರ ಒಂದು ಉಪಕಾಲುವೆಯ ದಂಡೆ ಮೇಲೆ.

ಹಿಂಗಾರಿ ಬಿತ್ತನೆಯ ಹೊತ್ತು. ಕಡಲೆ ಹೊಲಕ್ಕೆ 25 ಚೀಲ ಡಿಎಪಿ ಹೇರಿಕೊಂಡು ಹೋಗಿದ್ದೆ. ಚೀಲಕ್ಕೆ 50 ಕೆಜಿ, ಒಟ್ಟು 1,250 ಕೆಜಿ. ಬೆಳಗ್ಗೆ ಜಿಟಿಜಿಟಿ ಮಳೆ ಬಂದು ನಿಂತಿತ್ತು, ದಾರಿ ಮೇಲ್ಮೇಲೆ ತೋಯ್ದಿತ್ತು ಅಷ್ಟೇ. ಲೋಡ್ ಇದ್ದಾಗ ಗಾಡಿ ಹಳಿ ಮೇಲೆ ಹೋದ ಹಾಗೆ ಹೋಯಿತು. ಗೊಬ್ಬರ ಇಳಿಸಿ, ಚಹಾ ಕುಡಿದು, ಅದೇ ದಾರಿಯಲ್ಲಿ ವಾಪಸ್ ಹೊರಟೆ. ಅದೇ ಸ್ಪೀಡು, 25-30. ತಿರುವಿನ ಹತ್ತಿರ ಬ್ರೇಕ್ ಮೇಲೆ ಕಾಲಿಟ್ಟೆ, ಒತ್ತಿದೆ ಅಂತಲೂ ಹೇಳಲಾರೆ, ಇಟ್ಟೆ ಅಷ್ಟೇ, ಹಿಂಭಾಗ ಎಡಕ್ಕೆ ಹೊರಟೇಬಿಟ್ಟಿತು. ಸ್ಟೇರಿಂಗ್ ಕೈಯಲ್ಲಿ ಹಗುರಾಯಿತು. ಗಾಲಿಯ ಗರಗರ ಸದ್ದು ನಿಂತು ಒಂದು ಥರಾ ಮೆತ್ತನೆಯ ಸದ್ದು ಬಂತು, ನಾದಿದ ಹಿಟ್ಟಿನ ಮೇಲೆ ಒದ್ದೆ ಕೈ ಎಳೆದ ಹಾಗೆ. ಗಾಡಿ ಅಡ್ಡಡ್ಡ ಜಾರಿ ನಿಂತ ಮೇಲೆ ಇಳಿದು ನೋಡಿದೆ. ಹಿಂದಿನ ಎಡಗಾಲಿಗೂ ದಂಡೆಯ ಅಂಚಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಕೆಳಗೆ ತುಂಬಿ ಹರಿಯುವ ಕಾಲುವೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಬಲಗಾಲ ಚಪ್ಪಲಿ ರಾಡಿಯಲ್ಲೇ ಉಳಿಯಿತು. ಅದನ್ನು ಕಿತ್ತುಕೊಳ್ಳಲು ಬಗ್ಗಿದಾಗ ಕೈ ನಡುಗುತ್ತಿತ್ತು.

ಅವತ್ತಿನಿಂದ ಈ ವಿಷಯ ಸುಮ್ನೆ ಬಿಡಲಿಲ್ಲ. ಹಳೇ ಡ್ರೈವರುಗಳನ್ನು ಕೇಳಿದೆ, ಮೆಕ್ಯಾನಿಕ್ ಹತ್ತಿರ ಕೂತು ಗಾಡಿಯ ಕೆಳಭಾಗ ನೋಡಿ ಅರ್ಥ ಮಾಡಿಕೊಂಡೆ, ನಾನೇ ಮಾಡಿ ನೋಡಿದೆ. ಹೊಸದಾಗಿ ಗಾಡಿ ತೆಗೆದುಕೊಂಡ ಹುಡುಗರು ನಮ್ಮೂರ ಸುತ್ತ ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಖಾಲಿ ಗಾಡಿ ಯಾಕೆ ಜಾರುತ್ತದೆ

ಬೊಲೆರೊ ಪಿಕಪ್ ಇರಲಿ, ದೋಸ್ತ್ ಇರಲಿ, ಟಾಟಾ ಏಸ್ ಇರಲಿ, ನಮ್ಮ ಕಡೆ ಓಡುವ ಇಂಥ ಗಾಡಿಗಳಲ್ಲಿ ಹೆಚ್ಚಿನವುಗಳ ಹಿಂದಿನ ಗಾಲಿಗಳೇ ಗಾಡಿಯನ್ನು ತಳ್ಳುವುದು. ಲೋಡ್ ಹಿಂದೆ ಬೀಳುವುದರಿಂದ ಲೋಡ್ ಇದ್ದಾಗ ಇದು ಒಳ್ಳೆಯದೇ. ಖಾಲಿ ಆದಾಗ ಲೆಕ್ಕ ಉಲ್ಟಾ ಆಗುತ್ತದೆ. ಡ್ರೈವರೂ ಕ್ಯಾಬಿನ್ನೂ ಮುಂದೆ, ಜಾಸ್ತಿ ಗಾಡಿಗಳಲ್ಲಿ ಇಂಜಿನ್ನಿನ ಭಾರವೂ ಮುಂದೆಯೇ. ಹಿಂದೆ ಬರೀ ತಗಡು. ತಳ್ಳಬೇಕಾದ ಗಾಲಿಗಳ ಮೇಲೆ ಭಾರವೇ ಇಲ್ಲ. ಜೊತೆಗೆ ಹಿಂದಿನ ಪ್ಲೇಟುಗಳು, ಅಂದರೆ ಸ್ಪ್ರಿಂಗ್ ಪಟ್ಟಿಗಳು, ಪೂರ್ತಿ ಲೋಡ್ ಹೊರಲು ಮಾಡಿದವು, ಖಾಲಿ ಇದ್ದಾಗ ಅವು ಬಗ್ಗುವುದೇ ಇಲ್ಲ, ಸಣ್ಣ ಉಬ್ಬು ಬಂದರೂ ಗಾಲಿ ನೆಲ ಬಿಟ್ಟು ಜಿಗಿಯುತ್ತದೆ.

ಬ್ರೇಕ್ ಹಾಕಿದಾಗ ಇನ್ನೂ ಕೆಡುತ್ತದೆ. ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಹಿಂದೆ ಮೊದಲೇ ಹಗುರ ಇದ್ದದ್ದು ಇನ್ನೂ ಹಗುರಾಗುತ್ತದೆ, ಹಿಂದಿನ ಗಾಲಿ ಲಾಕ್ ಆಗುತ್ತದೆ, ಲಾಕ್ ಆದ ಗಾಲಿ ಎತ್ತ ಬೇಕಾದರೂ ಜಾರುತ್ತದೆ. ನನಗೆ ಆಗಿದ್ದು ಇದೇ.

ಹಿಮ ಬೀಳುವ ದೇಶಗಳಲ್ಲಿ ಪಿಕಪ್ ಇಟ್ಟುಕೊಂಡವರು ಚಳಿಗಾಲ ಬಂತೆಂದರೆ ಹಿಂದಿನ ಬಾಡಿಯಲ್ಲಿ ಮರಳಿನ ಚೀಲ ಇಟ್ಟುಕೊಂಡೇ ಓಡಾಡುತ್ತಾರೆ. ಕಾರಣ ಇದೇ. ನಮ್ಮಲ್ಲಿ ಹಿಮ ಇಲ್ಲ, ಎರೆ ಇದೆ. ತೋಯ್ದ ಎರೆ ಮೇಲೆ ಗಾಡಿ ಓಡಿಸಿದವರಿಗೆ ಹಿಮದ ಮೇಲೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ನೆಲ ಓದುವುದು ಮೊದಲ ಕೆಲಸ

ಎರೆ ಮತ್ತು ಮಸಾರಿ (ಕೆಂಪು ಮಣ್ಣು) ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ. ಕೊಪ್ಪಳ, ಕುಷ್ಟಗಿ ಕಡೆಯ ಮಸಾರಿ ನೆಲದಲ್ಲಿ ಮರಳು ಜಾಸ್ತಿ, ನೀರು ಬೇಗ ಇಳಿಯುತ್ತದೆ, ಒಂದೆರಡು ತಾಸು ಬಿಸಿಲು ಬಿದ್ದರೆ ಗಾಡಿ ಹೋಗುತ್ತದೆ. ಎರೆ ಹಾಗಲ್ಲ. ಅದರಲ್ಲಿ ನೀರು ಕುಡಿದು ಉಬ್ಬುವ ಜೇಡಿ ಇದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದೂ ಅದೇ ಮಣ್ಣು, ಮಳೆಗೆ ಉಬ್ಬಿ ಆ ಬಿರುಕು ಮುಚ್ಚುವುದೂ ಅದೇ ಮಣ್ಣು. ಒಳಗೆ ನೀರು ಹೋದರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಎರೆಗೆ ಮೂರು ಅವತಾರ ಇವೆ ಅಂತ ನಾನು ಹೇಳುತ್ತೇನೆ. ಸಣ್ಣ ಮಳೆ ಬಿದ್ದಾಗ ಮೇಲಿನ ಅರ್ಧ ಇಂಚು ಸೋಪಿನ ಹಾಗೆ, ಕೆಳಗೆ ಕಲ್ಲಿನಷ್ಟು ಗಟ್ಟಿ. ಇಲ್ಲಿ ಗಾಡಿ ಹೂತುಕೊಳ್ಳುವುದಿಲ್ಲ, ಜಾರುತ್ತದೆ. ಎರಡು ಮೂರು ದಿನ ಹಿಡಿದು ಹೊಡೆದ ಮಳೆ ಆದರೆ ಗಾಲಿ ಒಂದು ಮೊಳ ಇಳಿಯುತ್ತದೆ, ಇಲ್ಲಿ ಹೂತುಕೊಳ್ಳುವುದೇ ಸಮಸ್ಯೆ. ಮೂರನೆಯದು ಮೋಸ ಮಾಡುವಂಥದ್ದು: ಮಳೆ ನಿಂತು ಒಂದು ದಿನ ಬಿಸಿಲು ಬಿದ್ದು ಮೇಲೆ ಪದರು ಕಟ್ಟಿರುತ್ತದೆ, ನೋಡಲು ಒಣಗಿದ ಹಾಗೆ ಕಾಣುತ್ತದೆ, ಒಳಗೆ ಇನ್ನೂ ಹಸಿ. ಮುಂದಿನ ಗಾಲಿ ದಾಟುತ್ತದೆ, ಹಿಂದಿನದು ಪದರು ಒಡೆದು ಕೂರುತ್ತದೆ.

ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ ಇಳಿದು ದಾರಿಯಲ್ಲಿ ಇಪ್ಪತ್ತು ಹೆಜ್ಜೆ ನಡೆಯಿರಿ. ಹೆಜ್ಜೆ ಹೆಜ್ಜೆಗೂ ಕಾಲು ಭಾರ ಆಗುತ್ತಾ ಚಪ್ಪಲಿಗೆ ರೊಟ್ಟಿಯಷ್ಟು ಅಗಲ ಮಣ್ಣು ಅಂಟಿದರೆ ಗಾಡಿಯನ್ನು ಅಲ್ಲೇ ಬಿಡಿ. ಹಿಮ್ಮಡಿ ಊರಿ ಜೋರಾಗಿ ತುಳಿದಾಗ ಎರಡು ಬೆರಳಿಗಿಂತ ಜಾಸ್ತಿ ಇಳಿದರೆ ಖಾಲಿ ಗಾಡಿಯೂ ಹೋಗುವುದಿಲ್ಲ, ಲೋಡಿನ ಮಾತು ಬಿಡಿ. ಟ್ರ್ಯಾಕ್ಟರ್ ಹೋಗಿದೆ ಅಲ್ವಾ, ನಾನೂ ಹೋಗುತ್ತೇನೆ ಅನ್ನುವುದು ತಪ್ಪು ಲೆಕ್ಕ. ಟ್ರ್ಯಾಕ್ಟರಿನ ಗಾಲಿ ಎಷ್ಟು ದೊಡ್ಡದು, ಅದರ ಹೊಟ್ಟೆ ನೆಲದಿಂದ ಎಷ್ಟು ಎತ್ತರ, ಒಮ್ಮೆ ನಿಮ್ಮ ಗಾಡಿ ಪಕ್ಕ ನಿಲ್ಲಿಸಿ ನೋಡಿ.

ಹೊರಡುವ ಮುಂಚೆ ಗಾಡಿಗೆ ಮಾಡಬೇಕಾದ್ದು

ಮರಳು ಚೀಲ. ನಾನು ಮೃಗಶಿರ ಮಳೆಯಿಂದ ಸ್ವಾತಿ ಮಳೆ ಮುಗಿಯುವ ತನಕ ಗಾಡಿಯಲ್ಲಿ ಆರು ಚೀಲ ಮರಳು ಇಟ್ಟಿರುತ್ತೇನೆ. ಸಿಮೆಂಟಿನ ಖಾಲಿ ಚೀಲವೇ ಸಾಕು, ಪೂರ್ತಿ ತುಂಬಬೇಡಿ, 40 ಕೆಜಿ ಬರುವಷ್ಟು ತುಂಬಿ ಬಾಯಿ ಕಟ್ಟಿ. ಒಬ್ಬರೇ ಎತ್ತಿಡಬಹುದು. ಆರಕ್ಕೆ 240 ಕೆಜಿ ಆಯಿತು. ಏಸ್‌ನಂಥ ಸಣ್ಣ ಗಾಡಿಗೆ ಮೂರು ಸಾಕು. ಲೋಡ್ ಹೇರುವಾಗ ಇವುಗಳ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ, ಇಲ್ಲವೇ ಇಳಿಸಿಟ್ಟು ಹೋಗಿ.

ಎಲ್ಲಿ ಇಡುತ್ತೀರಿ ಅನ್ನುವುದು ಎಷ್ಟು ಇಡುತ್ತೀರಿ ಅನ್ನುವಷ್ಟೇ ಮುಖ್ಯ. ಸರಿಯಾಗಿ ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡು ಗಾಲಿಗಳ ನಡುವಿನ ಅಚ್ಚಿನ ಮೇಲೆ, ಅಥವಾ ಅದಕ್ಕಿಂತ ಒಂದು ಗೇಣು ಕ್ಯಾಬಿನ್ ಕಡೆಗೆ ಇರಬೇಕು. ತುಂಬಾ ಜನ ಇಳಿಸಲು ಸುಲಭ ಅಂತ ಹಿಂದಿನ ಬಾಗಿಲ ಹತ್ತಿರ ಇಡುತ್ತಾರೆ. ಹೌಸಿಂಗ್‌ಗಿಂತ ಹಿಂದೆ ಭಾರ ಬಿದ್ದರೆ ಏತದ ಹಾಗೆ ಮುಂಭಾಗ ಮೇಲೇಳುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. ಚೀಲಗಳನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ. ಜೋರು ಬ್ರೇಕ್ ಬಿದ್ದರೆ ಕಟ್ಟದ ಚೀಲ ಬಂದು ಕ್ಯಾಬಿನ್ ಹಿಂಬದಿಗೆ ಗುದ್ದುತ್ತದೆ. ನೀರಿನ ಡ್ರಮ್ ಇಡಬೇಡಿ, ತಿರುವಿನಲ್ಲಿ ನೀರು ಒಂದು ಕಡೆಗೆ ಓಡಿ ಗಾಡಿಯನ್ನು ಎಳೆಯುತ್ತದೆ. ಮರಳಿನಲ್ಲಿ ಇನ್ನೊಂದು ಲಾಭ ಇದೆ, ಗಾಡಿ ಸಿಕ್ಕಿಬಿದ್ದಾಗ ಒಂದು ಚೀಲ ಬಿಚ್ಚಿ ಗಾಲಿ ಕೆಳಗೆ ಸುರಿಯಬಹುದು.

ಟೈರ್. ನಮ್ಮವರ ರೂಢಿ ಏನೆಂದರೆ ಹೊಸ ಟೈರು ಮುಂದಕ್ಕೆ, ಸವೆದದ್ದು ಹಿಂದಕ್ಕೆ. ಜಾರುವ ನೆಲದಲ್ಲಿ ಇದು ತಪ್ಪು. ಮುಂದಿನ ಗಾಲಿ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ನೀವು ಕಾಲು ತೆಗೆದರೆ ಎಷ್ಟೋ ಸಲ ತಾನಾಗೇ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರ್ ಅಂತ ತಿರುಗುತ್ತದೆ. ಒಳ್ಳೆಯ ಜೋಡಿ ಹಿಂದೆ ಇರಲಿ, ಸಾಧ್ಯವಾದರೆ ಅಡ್ಡ ಗುಂಡಿ ಇರುವ ಲಗ್ ಟೈರ್. ಟೈರಿನ ಸಾಲುಗಳ ನಡುವೆ ಸಣ್ಣ ಉಬ್ಬು ಇರುತ್ತದೆ, ಟೈರ್ ಅದರ ಮಟ್ಟಕ್ಕೆ ಸವೆದರೆ ಉಳಿದಿರುವುದು 1.6 ಮಿಲಿಮೀಟರ್ ಅಂತ ಅರ್ಥ. ಎರೆಗೆ ಅಷ್ಟು ತನಕ ಕಾಯಬೇಡಿ, ಅದರ ಎರಡರಷ್ಟು ಇದ್ದಾಗಲೇ ಬದಲಿಸಿ.

ಗಾಳಿ. ಲೋಡಿಗೆ ಅಂತ ಹಿಂದಿನ ಟೈರಿಗೆ ತುಂಬಿದ ಗಾಳಿ ಖಾಲಿ ಬರುವಾಗ ಟೈರನ್ನು ಕಲ್ಲು ಮಾಡುತ್ತದೆ. ನೆಲಕ್ಕೆ ತಾಗುವ ಜಾಗ ಅಂಗೈಯಷ್ಟೂ ಇರುವುದಿಲ್ಲ. ಬಾಗಿಲ ಪಕ್ಕದ ಪಟ್ಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಬರೆದಿರುತ್ತದೆ, ಅದರ ಪ್ರಕಾರ ಇಡಿ. ಸಿಗರೇಟ್ ಲೈಟರ್ ಕಿಂಡಿಗೆ ಸಿಕ್ಕಿಸುವ ಸಣ್ಣ ಪಂಪ್ ಸಿಗುತ್ತದೆ. ಗಾಡಿಯಲ್ಲಿ ಅದೊಂದು ಇದ್ದರೆ ಗಾಳಿ ಇಳಿಸಲು ಹೆದರಿಕೆ ಇರುವುದಿಲ್ಲ.

ಇವಲ್ಲದೆ ಒಂದು ಸಲಿಕೆ, ಒಂದೂವರೆ ಅಡಿ ಚೌಕದ ದಪ್ಪ ಹಲಗೆ, ಎರಡು ಗೋಣಿಚೀಲ, ದಪ್ಪ ನೈಲಾನ್ ಬೆಲ್ಟ್, ಟಾರ್ಚು, ಕುಡಿಯುವ ನೀರು. ಹಲಗೆ ಯಾಕೆ ಅಂದರೆ ಎರೆಯಲ್ಲಿ ಬರೀ ಜಾಕ್ ಇಟ್ಟರೆ ಗಾಡಿ ಮೇಲೇಳುವುದಿಲ್ಲ, ಜಾಕ್ ಕೆಳಗಿಳಿಯುತ್ತದೆ.

ಓಡಿಸುವಾಗ

ಎಲ್ಲಾ ಮಾತಿಗೂ ಮೂಲ ಒಂದೇ: ಕಾಲು, ಕೈ ಎರಡೂ ಮೆತ್ತಗಿರಬೇಕು. ಜಾರುವ ನೆಲಕ್ಕೆ ಒಮ್ಮೆಲೇ ಮಾಡುವ ಯಾವ ಕೆಲಸವೂ ಆಗಿಬರುವುದಿಲ್ಲ, ಅದು ರೇಸ್ ಆಗಲಿ, ಬ್ರೇಕ್ ಆಗಲಿ, ಸ್ಟೇರಿಂಗ್ ಆಗಲಿ, ಗೇರ್ ಇಳಿಸಿ ಕ್ಲಚ್ ಪಟ್ಟನೆ ಬಿಡುವುದಾಗಲಿ. ಖಾಲಿ ಗಾಡಿಯನ್ನು ಎರಡನೇ ಗೇರಿನಲ್ಲೇ ಎತ್ತಿ. ಮೊದಲ ಗೇರಿನಲ್ಲಿ ಗಾಲಿಗೆ ಶಕ್ತಿ ಜಾಸ್ತಿ ಹೋಗಿ ಗಿರಗಿರ ತಿರುಗುತ್ತದೆ. ಒಂದೇ ಸಮ ರೇಸ್ ಹಿಡಿದು, ನಡೆಯುವವನಿಗಿಂತ ಸ್ವಲ್ಪ ಜೋರಾಗಿ, 10-15ರಲ್ಲಿ ಹೋಗಿ. ರಾಡಿಯ ನಡುವೆ ಗೇರ್ ಬದಲಿಸಬೇಡಿ. ನಡುವೆ ನಿಲ್ಲಿಸಲೂಬೇಡಿ, ಎದುರಿಗೆ ಗಾಡಿ ಬರುತ್ತಿದ್ದರೆ ಗಟ್ಟಿ ನೆಲದಲ್ಲೇ ನಿಂತು ಅವರು ದಾಟಲಿ ಅಂತ ಕಾಯಿರಿ.

ಬ್ರೇಕ್ ಹಾಕುವುದೇನಿದ್ದರೂ ಗಾಡಿ ನೆಟ್ಟಗಿರುವಾಗ, ತಿರುವು ಬರುವುದಕ್ಕೆ ತುಂಬಾ ಮುಂಚೆ. ತಿರುವಿನ ಒಳಗೆ ಬ್ರೇಕ್ ಇಲ್ಲ, ರೇಸ್ ಇಲ್ಲ. ಮುಂದಿನ ಗಾಡಿಗೆ ದಿನಾ ಬಿಡುವ ಜಾಗದ ಮೂರು ನಾಲ್ಕು ಪಟ್ಟು ಬಿಡಿ. ಇಳಿಜಾರಿದ್ದರೆ ಮೇಲೆಯೇ ಎರಡನೇ ಗೇರಿಗೆ ಬಂದು ಇಂಜಿನ್ ಹಿಡಿತದಲ್ಲಿ ಇಳಿಯಿರಿ, ಆದರೆ ಗೇರ್ ಇಳಿಸುವಾಗ ಕ್ಲಚ್ ನಿಧಾನ ಬಿಡಿ. ಖಾಲಿ ಹಿಂಭಾಗಕ್ಕೆ ಇಂಜಿನ್ನಿನ ಒಂದು ಜಗ್ಗು ಸಾಕು ಜಾರಲು.

ಜಾಡಿನ ವಿಷಯ. ಬಂಡಿದಾರಿಯಲ್ಲಿ ಜಾಡು ಆಳ ಇಲ್ಲದಿದ್ದರೆ ಜಾಡಿನಲ್ಲೇ ಹೋಗಿ, ಅಲ್ಲಿ ನೆಲ ತುಳಿದು ಗಟ್ಟಿಯಾಗಿರುತ್ತದೆ. ಟ್ರ್ಯಾಕ್ಟರ್ ಹೋಗಿ ಆಳವಾಗಿದ್ದರೆ ಇಳಿಯಬೇಡಿ. ಗಾಲಿ ಜಾಡಿನಲ್ಲಿ, ಹೌಸಿಂಗ್‌ನ ಗುಂಡು ನಡುವಿನ ದಿಣ್ಣೆ ಮೇಲೆ ಕೂತರೆ ಗಾಲಿ ಗಾಳಿಯಲ್ಲಿ ತಿರುಗುತ್ತದೆ, ಆಮೇಲೆ ಅಗೆಯುವುದೊಂದೇ ದಾರಿ. ಆಗ ಒಂದು ಕಡೆಯ ಗಾಲಿ ನಡುವಿನ ದಿಣ್ಣೆ ಮೇಲೆ, ಇನ್ನೊಂದು ಕಡೆಯದು ಜಾಡಿನ ಹೊರಗಿನ ಅಂಚಿನ ಮೇಲೆ ಇಟ್ಟುಕೊಂಡು ದಾಟಿ.

ಕಾಲುವೆ ದಂಡೆ ಬಗ್ಗೆ ನಾನು ಈಗ ಒಂದೇ ಮಾತು ಹೇಳುತ್ತೇನೆ: ತೋಯ್ದಿದ್ದರೆ ಹೋಗಬೇಡಿ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಹರಡಿಕೊಂಡ ಹಾಗೆ ಅದರ ಉಪಕಾಲುವೆಗಳ ದಂಡೆಗಳೂ ನಮಗೆ ದಿನದ ದಾರಿ ಆಗಿಬಿಟ್ಟಿವೆ. ತಡೆಗೋಡೆ ಇಲ್ಲದ ಕಡೆಯೇ ಜಾಸ್ತಿ, ಅಂಚು ಒಳಗೊಳಗೇ ಕೊರೆದಿರುತ್ತದೆ. ನಾಲ್ಕು ಕಿಲೋಮೀಟರ್ ಸುತ್ತಾದರೂ ತಾರ್ ರಸ್ತೆ ಹಿಡಿಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ನೀರಿನ ಕಡೆ ಬಿಟ್ಟು ಆಚೆ ಕಡೆಗೆ ಒತ್ತಿಕೊಂಡು ಹೋಗಿ, ಬೆಲ್ಟ್ ಹಾಕಿಕೊಳ್ಳಿ, ಎರಡೂ ಕಡೆಯ ಗಾಜು ಇಳಿಸಿಡಿ. ಗಾಡಿ ನೀರಿಗೆ ಬಿದ್ದರೆ ಬಾಗಿಲು ತೆರೆಯಲು ಹೋಗಿ ಸಮಯ ಕಳೆಯಬೇಡಿ, ನೀರಿನ ಒತ್ತಡಕ್ಕೆ ಅದು ತೆರೆಯುವುದು ಕಷ್ಟ. ಬೆಲ್ಟ್ ಬಿಚ್ಚಿ ಕಿಟಕಿಯಿಂದ ಹೊರಗೆ ಬನ್ನಿ.

ಹಿಂಭಾಗ ಜಾರಿದರೆ

ಮೊದಲು ಮಾಡಬಾರದ್ದು: ಬ್ರೇಕ್. ಕಾಲು ತಾನಾಗೇ ಹೋಗುತ್ತದೆ, ನನ್ನದೂ ಹೋಯಿತು. ರೇಸ್ ಬಿಡಿ, ಕ್ಲಚ್ ಒತ್ತಿ, ಹಿಂದಿನ ಗಾಲಿಗಳು ಸುಮ್ನೆ ಉರುಳಲಿ. ಹಿಂಭಾಗ ಯಾವ ಕಡೆ ಹೋಗುತ್ತಿದೆಯೋ ಸ್ಟೇರಿಂಗ್ ಅದೇ ಕಡೆಗೆ ತಿರುಗಿಸಿ. ಎಡಕ್ಕೆ ಹೋದರೆ ಎಡಕ್ಕೆ. ಕಣ್ಣು ನೀವು ಹೋಗಬೇಕಾದ ಜಾಗದ ಮೇಲಿರಲಿ, ಕಾಲುವೆ ಮೇಲಲ್ಲ, ಕೈ ಕಣ್ಣಿನ ಹಿಂದೆಯೇ ಹೋಗುತ್ತದೆ. ಗಾಡಿ ನೆಟ್ಟಗಾಗಲು ಶುರುವಾದ ಕೂಡಲೇ ಸ್ಟೇರಿಂಗನ್ನೂ ನೆಟ್ಟಗೆ ತನ್ನಿ, ಇಲ್ಲದಿದ್ದರೆ ಮೀನಿನ ಬಾಲದ ಹಾಗೆ ಇನ್ನೊಂದು ಕಡೆಗೆ ಬೀಸುತ್ತದೆ, ಆ ಎರಡನೇ ಬೀಸು ಮೊದಲನೆಯದಕ್ಕಿಂತ ಜೋರಾಗಿರುತ್ತದೆ.

ಇದನ್ನು ಓದಿದರೆ ಬರುವುದಿಲ್ಲ, ಮಾಡಿ ನೋಡಬೇಕು. ಊರ ಹೊರಗೆ ಗಿಡ, ಕಲ್ಲು, ಜನ ಇಲ್ಲದ ಬಯಲಿನಲ್ಲಿ, ಸಣ್ಣ ಮಳೆ ಬಿದ್ದು ನಿಂತ ಮೇಲೆ, ಖಾಲಿ ಗಾಡಿಯಲ್ಲಿ 15ರ ಮೇಲೆ ಹೋಗದೆ ನಾಲ್ಕು ಸಲ ಬೇಕಂತಲೇ ಜಾರಿಸಿ ನೋಡಿ. ಪಕ್ಕದಲ್ಲಿ ಅನುಭವ ಇರುವವರು ಕೂತಿರಲಿ. ಆ ಅರ್ಧ ತಾಸು ನನಗೆ ಮುಂಚೆಯೇ ಸಿಕ್ಕಿದ್ದರೆ ದಂಡೆ ಮೇಲೆ ಕೈ ನಡುಗುತ್ತಿರಲಿಲ್ಲ.

ತಾರ್ ರಸ್ತೆಯೂ ನಂಬಿಕೆಗೆ ತಕ್ಕದ್ದಲ್ಲ

ಭತ್ತದ ನಾಟಿ ಹೊತ್ತಿನಲ್ಲಿ ಗದ್ದೆಯಿಂದ ಏರುವ ಟ್ರ್ಯಾಕ್ಟರುಗಳು ಕಬ್ಬಿಣದ ಪಟ್ಟಿಗಳ ಕೇಜ್ ವೀಲ್‌ನಲ್ಲಿ ಬುಟ್ಟಿಗಟ್ಟಲೆ ಕೆಸರು ತಂದು ರಸ್ತೆ ಮೇಲೆ ಹಾಕುತ್ತವೆ. ಒಣಗಿದಾಗ ಬರೀ ಧೂಳು. ನಾಲ್ಕು ಹನಿ ಬಿದ್ದರೆ ತಾರಿನ ಮೇಲೆ ಎಣ್ಣೆ ಬಳಿದ ಹಾಗೆ. 50ರಲ್ಲಿ ಬರುವ ಖಾಲಿ ಪಿಕಪ್‌ಗೆ ಇದು ಹೊಲದ ದಾರಿಗಿಂತ ಕೆಟ್ಟದ್ದು, ಯಾಕೆಂದರೆ ಇಲ್ಲಿ ನಾವು ಎಚ್ಚರವಾಗಿರುವುದಿಲ್ಲ. ಗದ್ದೆಯಿಂದ ರಸ್ತೆಗೆ ಏರುವ ಪ್ರತಿ ಜಾಗವನ್ನೂ ಸ್ಪೀಡ್ ಬ್ರೇಕರ್ ಅಂತ ತಿಳಿದು ಮುಂಚೆಯೇ ನಿಧಾನ ಮಾಡಿ. ಕೊಯ್ಲಿನ ಹೊತ್ತಿಗೆ ರಸ್ತೆ ಮೇಲೆ ಹರವಿದ ಭತ್ತ, ಜೋಳ, ಸೂರ್ಯಕಾಂತಿ ಕೂಡ ಹೀಗೆಯೇ, ಕಾಳಿನ ಮೇಲೆ ಗಾಲಿ ಉರುಳುವುದಿಲ್ಲ, ತೇಲುತ್ತದೆ. ಸಂಡೂರು, ತೋರಣಗಲ್ಲು ಕಡೆ ಹೋಗುವವರಿಗೆ ಅದಿರು ಧೂಳು ಇದೆ. ಮೊದಲ ಮಳೆಗೆ ಅದು ಕೆಂಪು ಅಂಬಲಿಯಾಗಿ ರಸ್ತೆ ತುಂಬಾ ಹರಿದಿರುತ್ತದೆ. ಮಳೆ ಜೋರಾಗಿ ಒಂದು ತಾಸು ಹೊಡೆದು ತೊಳೆದುಹೋದ ಮೇಲೆ ರಸ್ತೆ ಎಷ್ಟೋ ವಾಸಿ, ಮೊದಲ ಹತ್ತಿಪ್ಪತ್ತು ನಿಮಿಷವೇ ಕೆಟ್ಟದ್ದು. ಆ ಹೊತ್ತು ಎಲ್ಲಾದರೂ ನಿಂತು ಚಹಾ ಕುಡಿಯಿರಿ.

ಇನ್ನೊಂದು, ಸಣ್ಣ ರಸ್ತೆಗಳಲ್ಲಿ ಎದುರಿಗೆ ಬಸ್ ಬಂದಾಗ ಎಡಗಾಲಿಗಳನ್ನು ತಾರಿನಿಂದ ಕೆಳಗಿಳಿಸುವುದು. ಬೇಸಿಗೆಯಲ್ಲಿ ದಿನಾ ಮಾಡುತ್ತೇವೆ, ಮಳೆಗಾಲದಲ್ಲೂ ಕೈ ಅದನ್ನೇ ಮಾಡುತ್ತದೆ. ಬದಿಯಲ್ಲಿ ಎರೆ ಇದ್ದರೆ ಎಡಗಾಲಿಗಳು ಕೂರುತ್ತವೆ, ಗಾಡಿ ತಗ್ಗಿಗೆ ವಾಲುತ್ತದೆ. ಗರಸು ಹಾಕಿದ ಅಗಲ ಜಾಗ ನೋಡಿ ಅಲ್ಲೇ ಕಾಯಿರಿ. ತಪ್ಪಿ ಇಳಿದರೆ ಒಮ್ಮೆಲೇ ಬಲಕ್ಕೆ ಎಳೆಯಬೇಡಿ, ರೇಸ್ ಬಿಟ್ಟು ನೆಟ್ಟಗೆ ಹೋಗಿ, ಸ್ಪೀಡ್ ಇಳಿದ ಮೇಲೆ ಮೆಲ್ಲಗೆ ಹತ್ತಿಸಿ.

ಹಳ್ಳಕ್ಕೆ ನೀರು ಬಂದಾಗ

ಹರಿಯುವ ನೀರು ಅರ್ಧ ಅಡಿ ಇದ್ದರೂ ಹಿಡಿತ ತಪ್ಪಬಹುದು. ಒಂದು ಅಡಿ ನೀರು ಸಣ್ಣ ಗಾಡಿಗಳನ್ನು ತೇಲಿಸಬಹುದು, ಎರಡು ಅಡಿಯಾದರೆ ಪಿಕಪ್ ಅನ್ನೂ ಎಳೆದೊಯ್ಯುತ್ತದೆ. ಖಾಲಿ ಗಾಡಿ ಇನ್ನೂ ಬೇಗ ಏಳುತ್ತದೆ. ಇಲ್ಲಿ ಮರಳು ಚೀಲದ ಧೈರ್ಯ ಮಾಡಬೇಡಿ, 240 ಕೆಜಿ ಹಳ್ಳದ ಮುಂದೆ ಲೆಕ್ಕಕ್ಕಿಲ್ಲ. ಹಳ್ಳದ ಕೆಳಗಿನ ರಸ್ತೆ ಕೊಚ್ಚಿಹೋಗಿದೆಯೋ ಇದೆಯೋ ಕೆಂಪು ನೀರಿನಲ್ಲಿ ಯಾರಿಗೆ ಕಾಣುತ್ತದೆ? ತುಂಗಭದ್ರಾ ಡ್ಯಾಮಿನಿಂದ ನದಿಗೆ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುವುದು ನಮಗೆಲ್ಲ ಗೊತ್ತು. 2009ರ ಪ್ರವಾಹ ಕಂಡ ರಾಯಚೂರು, ಬಳ್ಳಾರಿ, ಕೊಪ್ಪಳದ ಜನಕ್ಕೆ ನೀರಿನ ಬಗ್ಗೆ ನಾನು ಹೇಳುವುದೇನೂ ಇಲ್ಲ. ನೀರು ಇಳಿಯುವ ತನಕ ಈಚೆಯೇ ಇರಿ. ಬಾಡಿಗೆ ಹೋದರೆ ಹೋಗಲಿ.

ನಿಂತ ನೀರಿನ ಸಣ್ಣ ಹೊಂಡ ದಾಟಿದ ಮೇಲೆ ಹಿಂದಿನ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ನಿಧಾನ ಹೋಗುತ್ತಲೇ ಬ್ರೇಕ್ ಮೇಲೆ ಹಗುರಾಗಿ ಕಾಲಿಟ್ಟು ನಾಲ್ಕೈದು ಸಲ ಒತ್ತಿ ಒಣಗಿಸಿ.

ಹೂತುಕೊಂಡರೆ

ಗಾಲಿ ಎರಡು ಸುತ್ತು ತಿರುಗಿಯೂ ಗಾಡಿ ಕದಲಲಿಲ್ಲ ಅಂದರೆ ರೇಸ್ ನಿಲ್ಲಿಸಿ. ಇದೊಂದು ಮಾತು ನೆನಪಿಟ್ಟರೆ ಅರ್ಧ ಕೆಲಸ ಉಳಿಯುತ್ತದೆ. ರೇಸ್ ಮಾಡಿದಷ್ಟೂ ಗಾಲಿ ತನಗೆ ತಾನೇ ಗುಂಡಿ ತೋಡುತ್ತದೆ.

ಇಳಿದು ನೋಡಿ. ಎಷ್ಟೋ ಸಲ ಒಂದೇ ಗಾಲಿ ತಿರುಗುತ್ತಿರುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಇಂಜಿನ್ನಿನ ಶಕ್ತಿಯನ್ನು ಎರಡು ಗಾಲಿಗಳಿಗೆ ಹಂಚುವ ಡಿಫರೆನ್ಸಿಯಲ್ ಸ್ವಭಾವವೇ ಅದು, ಯಾವ ಗಾಲಿಗೆ ಹಿಡಿತ ಇಲ್ಲವೋ ಅದನ್ನೇ ತಿರುಗಿಸುತ್ತದೆ. ಹ್ಯಾಂಡ್‌ಬ್ರೇಕ್ ಹಿಂದಿನ ಗಾಲಿಗಳನ್ನು ಹಿಡಿಯುವ ಗಾಡಿ ಆದರೆ, ಎರಡು ಮೂರು ಹಲ್ಲಿನಷ್ಟು ಎಳೆದು, ಎರಡನೇ ಗೇರಿನಲ್ಲಿ ಮೆತ್ತಗೆ ಎತ್ತಿ ನೋಡಿ. ಪುಕ್ಕಟೆ ತಿರುಗುವ ಗಾಲಿಗೆ ತಡೆ ಬಿದ್ದಾಗ ಹಿಡಿತ ಇರುವ ಗಾಲಿಗೂ ಸ್ವಲ್ಪ ಶಕ್ತಿ ಹೋಗುತ್ತದೆ. ಹೊರಗೆ ಬಂದ ಕೂಡಲೇ ಬ್ರೇಕ್ ಇಳಿಸಿ, ಮರೆತರೆ ಲೈನರ್ ಸುಡುತ್ತದೆ.

ಆಗಲಿಲ್ಲವೇ, ಸಲಿಕೆ ತೆಗೆಯಿರಿ. ಗಾಲಿಯ ಮುಂದೆ ಇಳಿಜಾರು ಬರುವ ಹಾಗೆ ಒಂದು ಮಾರು ಕೆದರಿ, ಹೌಸಿಂಗ್ ನೆಲಕ್ಕೆ ತಾಗಿದ್ದರೆ ಅದರ ಕೆಳಗೂ ತೆಗೆಯಿರಿ. ಟೈರಿನ ಗುಂಡಿಗಳಲ್ಲಿ ತುಂಬಿದ ಎರೆಯನ್ನು ಕಡ್ಡಿಯಿಂದ ಬಿಡಿಸಿ, ಅದು ತುಂಬಿದ್ದರೆ ಹೊಸ ಟೈರೂ ಬೋಳು ಟೈರೂ ಒಂದೇ. ಆಮೇಲೆ ಗಾಲಿ ಕೆಳಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಗೋಣಿಚೀಲ, ಮರಳು, ಸಿಕ್ಕಿದ್ದು ತುರುಕಿ. ಬರೀ ಭತ್ತದ ಹುಲ್ಲು ಹಾಕಿದರೆ ಅದೇ ಜಾರುತ್ತದೆ, ಮರಳಿನ ಜೊತೆ ಹಾಕಿ. ಬಳ್ಳಾರಿ ಜಾಲಿ ಮಾತ್ರ ಬೇಡವೇ ಬೇಡ. ಎಲ್ಲಾ ಕಡೆ ಬೆಳೆದಿರುವುದು ಅದೇ, ಕೈಗೆ ಮೊದಲು ಸಿಗುವುದೂ ಅದೇ, ಆ ಮುಳ್ಳು ಟೈರ್ ದಾಟಿ ಒಳಗೆ ಹೋದರೆ ರಾಡಿಯಲ್ಲಿ ಪಂಕ್ಚರ್ ಗಾಡಿ ಇಟ್ಟುಕೊಂಡು ಕೂರಬೇಕಾಗುತ್ತದೆ.

ಗಾಡಿ ಖಾಲಿ ಇದ್ದರೆ ಹಿಂದಿನ ಟೈರುಗಳ ಗಾಳಿಯನ್ನು 20 ಪಿಎಸ್‌ಐ ತನಕ ಇಳಿಸಬಹುದು, ಟೈರ್ ಅಗಲವಾಗಿ ಕೂತು ಹಿಡಿಯುತ್ತದೆ. ಲೋಡ್ ಇದ್ದರೆ ಇಳಿಸಬೇಡಿ. ಹೊರಗೆ ಬಂದ ಮೇಲೆ 20ರ ಸ್ಪೀಡ್ ದಾಟದೆ, ತಟ್ಟನೆ ತಿರುಗಿಸದೆ ಹೋಗಿ, ಗಟ್ಟಿ ನೆಲ ಸಿಕ್ಕ ಕೂಡಲೇ ಪಂಪ್ ಹಾಕಿ.

ಟ್ರ್ಯಾಕ್ಟರ್ ಕರೆಸಿದರೆ ಹಗ್ಗ ಎಲ್ಲಿ ಕಟ್ಟುತ್ತಾರೆ ಅಂತ ನೀವೇ ನಿಂತು ನೋಡಿ. ಗಾಡಿಗೆ ಎಳೆಯುವ ಕೊಂಡಿ ಇರುತ್ತದೆ, ಅಲ್ಲಿಗೇ ಕಟ್ಟಬೇಕು. ಬಂಪರಿಗೆ, ಪ್ಲೇಟಿಗೆ, ಸ್ಟೇರಿಂಗ್ ರಾಡಿಗೆ ಬೇಡ. ಸಡಿಲ ಹಗ್ಗಕ್ಕೆ ಜರ್ಕ್ ಹೊಡೆದು ಎಳೆಯುವುದು ನಮ್ಮಲ್ಲಿ ಮಾಮೂಲು, ಅದರಲ್ಲೇ ಹಗ್ಗ, ಕೊಂಡಿ ಕಿತ್ತು ಬಂದು ಜನಕ್ಕೆ ಹೊಡೆಯುವುದು. ಮೊದಲು ಹಗ್ಗ ಬಿಗಿಯಾಗಲಿ, ಆಮೇಲೆ ನಿಧಾನ ಎಳೆಯಲಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಹರಿದರೂ ಅದರ ಬೀಸು ತಗ್ಗುತ್ತದೆ. ಹಗ್ಗದ ಎರಡು ಪಟ್ಟು ದೂರದ ಒಳಗೆ ಯಾರೂ ನಿಲ್ಲಬಾರದು, ಮಕ್ಕಳು ನೋಡಲು ಬಂದಿದ್ದರೆ ಕಳಿಸಿ.

ಜನರನ್ನು ಭಾರಕ್ಕೆ ಹತ್ತಿಸಬೇಡಿ

ಗಾಡಿ ಜಾರುತ್ತಿದೆ ಅಂದಾಗ 'ನಾಲ್ಕು ಮಂದಿ ಹಿಂದೆ ಹತ್ತಿ ನಿಲ್ಲಿರಿ, ವಜ್ಜಿ ಆಗಲಿ' ಅಂತ ಕೂಗುವುದನ್ನು ನೀವೂ ಕೇಳಿರುತ್ತೀರಿ. ನಾನೂ ಕೂಗಿದ್ದೇನೆ. ಭಾರ ಬಿದ್ದು ಗಾಡಿ ಹೊರಗೆ ಬರುತ್ತದೆ, ನಿಜ. ಆದರೆ ನಿಂತ ಜನರ ಭಾರ ಎತ್ತರದಲ್ಲಿರುತ್ತದೆ. ಮರಳು ಚೀಲ ನೆಲಕ್ಕೆ ಅಂಟಿ ಕೂತ ಹಾಗೆ ಅವರು ಕೂರುವುದಿಲ್ಲ. ಗಾಡಿ ಜಾರಿದಾಗ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ, ಅದೇ ಕಡೆಗೆ ಗಾಡಿ ಮಗುಚುತ್ತದೆ. ನಾಟಿಗೆ, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳನ್ನು ಬೆಳಗ್ಗೆ ಪಿಕಪ್ ತುಂಬಾ ನಿಲ್ಲಿಸಿಕೊಂಡು ಹೋಗುವುದೂ ಇದೇ ದಾರಿಗಳಲ್ಲಿ. ಸರಕು ಗಾಡಿಯಲ್ಲಿ ಹೀಗೆ ಜನ ಸಾಗಿಸುವುದು ಕಾನೂನಿಗೂ ವಿರುದ್ಧ, ಏನಾದರೂ ಆದರೆ ವಿಮೆಯ ಪರಿಹಾರಕ್ಕೂ ತೊಡಕು. ಅವರು ಹತ್ತುವುದು ಬೇರೆ ಗಾಡಿ ಇಲ್ಲ ಅಂತ, ಅದು ನನಗೆ ಗೊತ್ತು. ಕನಿಷ್ಠ ತೋಯ್ದ ದಾರಿ ಬಂದಾಗ ಎಲ್ಲರನ್ನೂ ಇಳಿಸಿ, ಅವರು ನಡೆದು ದಾಟಲಿ, ಗಾಡಿ ಆಮೇಲೆ ದಾಟಲಿ. ಗಾಡಿ ತಳ್ಳುವಾಗಲೂ ಯಾರೂ ನೇರ ಗಾಲಿಯ ಹಿಂದೆ ನಿಲ್ಲಬಾರದು.

ಏನಾದರೂ ಆದರೆ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿ ಮೇಲಿದ್ದರೆ 1033 ಕೂಡ ಇದೆ.

ಮನೆಗೆ ಬಂದ ಮೇಲೆ

ಅವತ್ತೇ ತೊಳೆಯಿರಿ, ನಾಳೆ ಅಂತ ಬಿಡಬೇಡಿ. ಒಣಗಿದ ಎರೆ ಇಟ್ಟಿಗೆಯಷ್ಟೇ ಗಟ್ಟಿ. ಗಾಲಿಯ ಡಿಸ್ಕಿನ ಒಳಬದಿಗೆ ಒಂದು ಕಡೆ ಮಾತ್ರ ಮಣ್ಣು ಅಂಟಿ ಒಣಗಿದ್ದರೆ ಮರುದಿನ ತಾರ್ ರಸ್ತೆಯಲ್ಲಿ 60 ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ, ಅಲೈನ್‌ಮೆಂಟ್ ಹೋಯಿತು ಅಂತ ಸುಮ್ನೆ ದುಡ್ಡು ಖರ್ಚು ಮಾಡುತ್ತೀರಿ. ಬ್ರೇಕ್ ಪೈಪಿನ ಸುತ್ತ, ಹ್ಯಾಂಡ್‌ಬ್ರೇಕ್ ಕೇಬಲ್ ಹತ್ತಿರ, ರೇಡಿಯೇಟರ್ ಜಾಲಿ ಮುಂದೆ ನೀರು ಹೊಡೆಯಿರಿ. ಹಿಂದಿನ ಲೈಟು, ನಂಬರ್ ಪ್ಲೇಟು ಒರೆಸಿ. ಮರಳು ಚೀಲಗಳ ಹಗ್ಗ ಸಡಿಲಾಗಿರುತ್ತದೆ, ಮತ್ತೆ ಬಿಗಿದು ಕಟ್ಟಿ, ಗಾಲಿ ಕೆಳಗೆ ಸುರಿದ ಚೀಲ ಯಾವುದೋ ಅದನ್ನು ತುಂಬಿಸಿಡಿ.